ಮನೇಲಿ ಹೇಳಿದ್ದೀರಾ ಅಂತ ಕೇಳಿದರು

ನನ್ನ ತಮ್ಮನಿಗೆ ಫೋನ್ ಮಾಡಿ ಅಂತ ಆ ಟ್ರಾವೆಲ್ಸ್ ಅಂಗಡಿಯವರಿಗೆ ಹೇಳಿದವರು ಯಾರು? ಮೊದಲು ಇದಕ್ಕೆ ಯಾರಾದರೂ ಉತ್ತರ ಕೊಡಿ. ಮಿಕ್ಕಿದ್ದು ಆಮೇಲೆ.

ಕ್ರೂಸ್‌ಗೆ, ಅಂದರೆ ಹಡಗಿನ ಪ್ರವಾಸಕ್ಕೆ, ಒಬ್ಬಳೇ ಹೋಗೋಣ ಅಂತ ಟಿಕೆಟ್ ಕೇಳಲು ಹೋಗಿದ್ದೆ. ಅವರು ಕೊಟ್ಟ ಫಾರಂನಲ್ಲಿ ತುರ್ತು ಸಂಪರ್ಕ ಅಂತ ಒಂದು ಜಾಗ ಇತ್ತು. ಅಲ್ಲಿ ತಮ್ಮನ ನಂಬರ್ ಬರೆದಿದ್ದೆ. ಹಡಗಿನಲ್ಲಿ ನನಗೆ ಏನಾದರೂ ಆದರೆ ತಿಳಿಸಲಿ ಅಂತ, ಅಷ್ಟಕ್ಕೇ. ಸರಸ್ವತಿಪುರಂನಲ್ಲಿ ಬಸ್ ಹತ್ತಿ, ಕುವೆಂಪುನಗರದಲ್ಲಿ ಇಳಿದು, ಮನೆ ಬೀಗ ತೆಗೆಯುವಷ್ಟರಲ್ಲಿ ಮಂಡ್ಯದಿಂದ ಫೋನ್ ಬಂತು. "ಅಕ್ಕ, ಏನಿದು ಹಡಗು ಗಿಡಗು? ಟೂರ್‌ನವರು ಫೋನ್ ಮಾಡಿದ್ರು. ನಿಮ್ಮಕ್ಕ ಒಬ್ರೇ ಹೋಗ್ತೀನಿ ಅಂತಿದ್ದಾರೆ, ನಿಮಗೆ ಗೊತ್ತಾ ಅಂತ ಕೇಳಿದ್ರು."

ಮೈ ಉರಿದುಹೋಯಿತು. ಇನ್ನೂ ಉರಿಯುತ್ತಿದೆ. ರಾತ್ರಿ ಅನ್ನ ಸೇರಲಿಲ್ಲ. ನಾನು ಪಿಂಚಣಿ ತೆಗೆದುಕೊಳ್ಳುವವಳು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಿಯಾದವಳು. ಈ ತಮ್ಮನ ಪಿಯುಸಿ ಫೀಸು ಕಟ್ಟಿದ್ದು ನಾನು. ಈಗ ನಾನು ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಅವನ ಒಪ್ಪಿಗೆ ಕೇಳುತ್ತಾರೆ.

ಅಂಗಡಿಯಲ್ಲಿ ಆದದ್ದನ್ನು ಹೇಳಲೇಬೇಕು. ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಒಳ್ಳೆಯವನೇ. ಅವನನ್ನು ಬೈಯುವುದಿಲ್ಲ. ಅಲ್ಲ, ಅವನನ್ನೂ ಬೈಯಬೇಕು. ಪಕ್ಕದ ಸೋಫಾದಲ್ಲಿ ಹೊಸದಾಗಿ ಮದುವೆಯಾದ ಜೋಡಿ, ಹುಡುಗಿಯ ತಾಯಿ. ಬಾಗಿಲ ಹತ್ತಿರ ತಿರುಪತಿ ಟಿಕೆಟ್‌ಗೆ ಬಂದಿದ್ದ ಒಬ್ಬರು. ಎಲ್ಲರಿಗೂ ಕೇಳುವ ಹಾಗೆ ಶುರುವಾಯಿತು.

"ಸರ್ ಹೆಸರು ಹೇಳಿ ಮೇಡಂ."

"ಯಾವ ಸರ್?"

"ಯಜಮಾನ್ರದ್ದು."

ಇಲ್ಲ ಅಂದೆ. "ಅಯ್ಯೋ, ಸಾರಿ ಮೇಡಂ" ಅಂದು ಮುಖ ಸಣ್ಣದು ಮಾಡಿಕೊಂಡ. ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡ. "ನನಗೆ ಮದುವೆ ಆಗಿಲ್ಲಪ್ಪ" ಅಂತ ಹೇಳಬೇಕಾಯಿತು. ಈ ವಯಸ್ಸಿನಲ್ಲಿ, ಟಿಕೆಟ್ ಅಂಗಡಿಯಲ್ಲಿ, ಗುರುತು ಪರಿಚಯ ಇಲ್ಲದವರ ಮುಂದೆ. ಮದುವೆ ಆಗದೇ ಇದ್ದದ್ದಕ್ಕೆ ನನಗೆ ಯಾವತ್ತೂ ನಾಚಿಕೆ ಆಗಿಲ್ಲ. ಆದರೆ ಆ ಸೋಫಾದ ಮೂರೂ ತಲೆ ಒಟ್ಟಿಗೆ ನನ್ನ ಕಡೆ ತಿರುಗಿದಾಗ ಕಿವಿ ಬಿಸಿಯಾಯಿತು.

"ಹಾಗಾದ್ರೆ ಎರಡನೇ ಪ್ಯಾಸೆಂಜರ್ ಯಾರು ಮೇಡಂ?" ಯಾರೂ ಇಲ್ಲ ಅಂದೆ. "ಎರಡನೇ ಹೆಸರು ಹಾಕದಿದ್ರೆ ಮುಂದಕ್ಕೆ ಹೋಗ್ತಾನೇ ಇಲ್ಲ." ಸುಮಾರು ಹೊತ್ತು ಏನೇನೋ ಒತ್ತಿದ. ಆಮೇಲೆ ಗಾಜಿನ ಕೋಣೆಯ ಕಡೆ ತಿರುಗಿ ಕೂಗಿದ. "ಸಾರ್, ಒಬ್ರೇ ಅಂತೆ. ಸೀನಿಯರ್ ಸಿಟಿಜನ್ನು. ಏನ್ ಮಾಡ್ಲಿ?"

ಮಾಲೀಕರು ಎದ್ದು ಬಂದರು. ನನಗಿಂತ ಚಿಕ್ಕವರು. ನಮ್ಮ ಸ್ಕೂಲಿನಲ್ಲಿ ಓದಿದ್ದರೆ ನನ್ನ ವಿದ್ಯಾರ್ಥಿಯೇ ಆಗಿರುತ್ತಿದ್ದರು. "ಅಮ್ಮ, ಕ್ರೂಸ್‌ಗೆಲ್ಲ ಫ್ಯಾಮಿಲಿಗಳು, ಕಪಲ್ಸು ಹೋಗೋದು. ಒಬ್ರೇ ಹೋಗಿ ಅಲ್ಲಿ ಏನ್ ಮಾಡ್ತೀರಿ?" ಸಮುದ್ರ ನೋಡುತ್ತೇನೆ ಅಂದೆ. ಅದಕ್ಕೆ ಅವರು ಕೇಳಿದ್ದು ಇದು. "ಮನೇಲಿ ಹೇಳಿದ್ದೀರಾ?"

ನಾನು ಹೂಂ ಅಂದೆ.

ಇದನ್ನೇ ನೆನೆದು ನೆನೆದು ಹೊಟ್ಟೆ ಉರಿಯುತ್ತಿದೆ. ಮನೆಯಲ್ಲಿ ಇರುವವಳೇ ನಾನೊಬ್ಬಳು. ಯಾರಿಗೆ ಹೇಳಬೇಕು? ಅದನ್ನು ಕೇಳಲು ಅವರು ಯಾರು? ತರಗತಿಗೆ ಕಾಲಿಟ್ಟರೆ ಅರವತ್ತು ಮಕ್ಕಳು ಸುಮ್ಮನಾಗುತ್ತಿದ್ದರು. ಅಂಥವಳ ಬಾಯಿಂದ ಹೂಂ ಅನ್ನಿಸಿಬಿಟ್ಟರು.

ಅಷ್ಟಕ್ಕೇ ಬಿಡಲಿಲ್ಲ. ಕಾಶಿ ಯಾತ್ರೆಯ ಕರಪತ್ರ ತೆಗೆದು ನನ್ನ ಮುಂದೆ ಇಟ್ಟರು. "ಇದರಲ್ಲಿ ನಿಮ್ಮ ವಯಸ್ಸಿನವರೇ ಜಾಸ್ತಿ, ಒಳ್ಳೇ ಕಂಪನಿ ಸಿಗುತ್ತೆ." ಬೇಡ ಅಂದೆ. "ಹಾಗಾದ್ರೆ ನಿಮ್ಮ ಥರ ಒಬ್ರೇ ಇರೋರು ಇನ್ನೊಬ್ರು ಸಿಕ್ಕಲಿ, ಜೋಡಿ ಮಾಡಿಕೊಡ್ತೀವಿ." ಸೋಫಾದಿಂದ ಕಿಸಕ್ಕನೆ ನಗು. ಹುಡುಗಿಯ ತಾಯಿ ಮಾತ್ರ ನಗಲಿಲ್ಲ. "ಪಾಪ" ಅಂದರು. ನಕ್ಕಿದ್ದನ್ನಾದರೂ ತಡೆದುಕೊಳ್ಳಬಹುದು.

ಏನೂ ತಿಳಿಯದೆ ಅಲ್ಲಿಗೆ ಹೋದವಳಲ್ಲ ನಾನು. ಒಂದು ನೋಟ್‌ಬುಕ್ ತುಂಬ ಬರೆದಿಟ್ಟುಕೊಂಡಿದ್ದೇನೆ. ಮೊದಲು ಲಕ್ಷದ್ವೀಪಕ್ಕೇ ಹೋಗಬೇಕು ಅಂತಿತ್ತು. ಇಡೀ ಸರ್ವೀಸು ನಕ್ಷೆಯಲ್ಲಿ ಬೆರಳಿಟ್ಟು ಮಕ್ಕಳಿಗೆ ತೋರಿಸಿದ ಜಾಗ ಅದು. 36 ದ್ವೀಪ, ಜನ ಇರುವುದು 10ರಲ್ಲಿ, ಎಲ್ಲ ಸೇರಿದರೂ 32 ಚದರ ಕಿಲೋಮೀಟರ್. ಅಮಿನಿದಿವಿ ದ್ವೀಪಗಳಂತೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕೊಚ್ಚಿಯಿಂದ ಸರ್ಕಾರದ್ದೇ ಹಡಗಿದೆ, ಎಂ.ವಿ. ಕವರತ್ತಿ. ಅದರಲ್ಲಿ ಸಮುದ್ರಂ ಅಂತ ಪ್ಯಾಕೇಜ್ ಮಾಡಿದ್ದಾರೆ. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ, ರಾತ್ರಿ ಹಡಗಿನಲ್ಲಿ. ಹೊರಗಿನವರಿಗೆ ಪರ್ಮಿಟ್ ಬೇಕು, ಮಾಡಿಸಬಹುದು. ಆದರೆ ಅಲ್ಲಿ ಸುತ್ತಲೂ ಹವಳದ ದಿಬ್ಬ, ನೀರು ಆಳ ಇಲ್ಲ. ಹಾಗಾಗಿ ದೊಡ್ಡ ಹಡಗು ಹೆಚ್ಚಾಗಿ ದೂರದಲ್ಲೇ ನಿಲ್ಲುತ್ತದೆ. ನಡುನೀರಿನಲ್ಲಿ ಹಡಗಿನಿಂದ ದೋಣಿಗೆ ಇಳಿಯಬೇಕು. ದೋಣಿ ಅಲೆಯ ಜೊತೆ ಏಳುತ್ತ ಬೀಳುತ್ತ ಇರುತ್ತದೆ. ನನ್ನ ಮೊಣಕಾಲಿಗೆ ಅದು ಆಗುವುದಿಲ್ಲ. ಬಿಟ್ಟೆ. ಬಿಡುವಾಗ ತುಂಬ ಬೇಜಾರಾಯಿತು.

ಅಂಡಮಾನಿಗೆ ಚೆನ್ನೈನಿಂದ ಹಡಗು ಇದೆ. ಮೂರು ದಿನದ ಹತ್ತಿರ ಹತ್ತಿರ ನೀರಿನ ಮೇಲೇ ಇರಬೇಕು. ಅದು ಜನ, ಸಾಮಾನು ಸಾಗಿಸುವ ಹಡಗು. ಬೇಡ ಅನ್ನಿಸಿತು.

ಕೊನೆಗೆ ಆರಿಸಿದ್ದು ಸಿಂಗಾಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಮುಟ್ಟಿ ವಾಪಸ್ ಸಿಂಗಾಪುರಕ್ಕೆ ಬರುವುದನ್ನು. ಎರಡೂ ದ್ವೀಪಗಳೇ. ಆರಿಸಿದ್ದು ಪೆನಾಂಗ್‌ಗಾಗಿ. ಅಲ್ಲಿ ಹಡಗು ಸ್ವೆಟನ್‌ಹ್ಯಾಮ್ ಕಟ್ಟೆಗೇ ತಾಗಿ ನಿಲ್ಲುತ್ತದೆ. ದೋಣಿಗೆ ಹಾರುವ ಕಷ್ಟ ಇಲ್ಲ. ಇಳಿದರೆ ಜಾರ್ಜ್ ಟೌನ್, 2008ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಊರು. ಅಲ್ಲಿನ ಲಿಟಲ್ ಇಂಡಿಯಾಕ್ಕೆ ನಡೆದೇ ಹೋಗಬಹುದು, ನನಗೆ ಬೇಕಾದ ಸಸ್ಯಾಹಾರದ ಊಟ ಸಿಗುತ್ತದೆ. ಕ್ಯಾಬಿನ್ನೂ ಯೋಚನೆ ಮಾಡಿದ್ದೆ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೆಗೆದುಕೊಂಡರೆ ಅಲುಗಾಟ ಕಡಿಮೆ. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಅಗ್ಗ. ಆದರೆ ಸಮುದ್ರ ನೋಡಲು ಹೋಗಿ ಗೋಡೆ ನೋಡಿಕೊಂಡು ಮಲಗಲು ನನಗೆ ಇಷ್ಟ ಇಲ್ಲ. ಕಿಟಕಿ ಇರುವುದೇ ಬೇಕು ಅಂದೆ.

ವೀಸಾ ವಿಚಾರವನ್ನು ಆ ಹುಡುಗನಿಗೆ ನಾನೇ ಹೇಳಿಕೊಟ್ಟೆ. ಸಿಂಗಾಪುರದಲ್ಲಿ ಹಡಗು ಹತ್ತಿ ಹೊರಟರೆ ಆ ದೇಶ ಬಿಟ್ಟ ಲೆಕ್ಕ. ವಾಪಸ್ ಬಂದಾಗ ಮತ್ತೆ ಒಳಗೆ ಬಿಡಬೇಕು. ಒಂದೇ ಸಲದ ವೀಸಾ ಇದ್ದರೆ ಆಗುವುದಿಲ್ಲ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ನಮ್ಮವರಿಗೆ ವೀಸಾ ಕೇಳುತ್ತಿಲ್ಲ, ಆದರೆ ಆನ್‌ಲೈನ್‌ನಲ್ಲಿ ಒಂದು ಕಾರ್ಡ್ ತುಂಬಬೇಕು. ಅವನು ಬರೆದುಕೊಂಡ. ಬರೆದುಕೊಂಡ ಮೇಲೂ ನಾನು ಮನೆಯಲ್ಲಿ ಕೇಳಿಕೊಂಡು ಬರಬೇಕಂತೆ!

ಪಾಸ್‌ಪೋರ್ಟ್ ಮಾಡಿಸಿದ್ದು ನಮ್ಮ ಮೈಸೂರಿನ ಪೋಸ್ಟ್ ಆಫೀಸ್ ಪಾಸ್‌ಪೋರ್ಟ್ ಕೇಂದ್ರದಲ್ಲಿ. 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದ ಎರಡು ಕೇಂದ್ರಗಳಲ್ಲಿ ಅದೊಂದು. ಅಲ್ಲಿ ಕೂತವರು ನನ್ನ ಕಾಗದ ನೋಡಿದರು, ಬೆರಳಚ್ಚು ತೆಗೆದುಕೊಂಡರು, ಕಳಿಸಿದರು. ಯಾರ ಜೊತೆ ಹೋಗುತ್ತೀರಿ ಅಂತ ಕೇಳಲಿಲ್ಲ. ಸರ್ಕಾರಕ್ಕೆ ಬೇಡವಾದ ಯಜಮಾನರು ಟಿಕೆಟ್ ಅಂಗಡಿಗೆ ಯಾಕೆ ಬೇಕು?

ಇನ್ನು ದುಡ್ಡಿನ ವಿಚಾರ. ಜಾಹೀರಾತಿನಲ್ಲಿ ತಲಾ 32,000 ಅಂತ ದಪ್ಪ ಅಕ್ಷರ. ವಿಮಾನದ ಖರ್ಚು ಬೇರೆ, ಅದು ಗೊತ್ತಿತ್ತು. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಕ್ಯಾಬಿನ್‌ನಲ್ಲಿ ಇಬ್ಬರಿದ್ದರೆ ಮಾತ್ರ ಅಂತ. ಒಬ್ಬಳೇ ಆದರೆ 64,000. ಇದು ಈ ಅಂಗಡಿಯದ್ದೊಂದೇ ಕಥೆ ಅಲ್ಲ. ಪ್ರಪಂಚದ ಬಹುಪಾಲು ಕ್ರೂಸ್‌ಗಳು ಹೀಗೇ. ಕ್ಯಾಬಿನ್ ಕಟ್ಟಿರುವುದೇ ಇಬ್ಬರಿಗೆ ಅಂತ. ಎರಡನೆಯವರು ಬಂದಿದ್ದರೆ ಹಡಗಿನೊಳಗೆ ಕುಡಿಯಲು, ಆಡಲು, ಸುತ್ತಲು ಅವರೂ ಖರ್ಚು ಮಾಡುತ್ತಿದ್ದರು. ಆ ನಷ್ಟವನ್ನು ನನ್ನ ತಲೆಗೆ ಕಟ್ಟುತ್ತಾರೆ. ಸರಿ, ಅದನ್ನು ಒಪ್ಪಿಕೊಂಡೇ ಹೋಗಿದ್ದೆ. ಕೋಣೆ ಒಂದು, ಬಾಡಿಗೆ ಒಂದು. ಇರಲಿ.

ಇಲ್ಲ, ಯಾಕೆ ಇರಲಿ? ಮೆಸ್ಸಿನಲ್ಲಿ ಒಬ್ಬಳೇ ಊಟಕ್ಕೆ ಕೂತರೆ ಎರಡು ಎಲೆಯ ದುಡ್ಡು ತೆಗೆದುಕೊಳ್ಳುತ್ತಾರಾ? ಮಾಡಬೇಕು ಅಂದರೆ ಮಾಡಬಹುದು. 2010ರಲ್ಲಿ ನಾರ್ವೇಜಿಯನ್ ಎಪಿಕ್ ಅನ್ನುವ ಹಡಗು ಬಂತಲ್ಲ, ಅದರಲ್ಲಿ ಒಬ್ಬರೇ ಹೋಗುವವರಿಗೆ ಅಂತಲೇ 128 ಸಣ್ಣ ಕ್ಯಾಬಿನ್ ಇಟ್ಟರು. ಅಂದರೆ ನನ್ನಂಥವರು ಇದ್ದಾರೆ ಅಂತ ಹಡಗು ಕಟ್ಟುವವರಿಗೆ ಗೊತ್ತಿದೆ. ನಮ್ಮ ಊರಿನ ಟಿಕೆಟ್ ಅಂಗಡಿಗೆ ಗೊತ್ತಿಲ್ಲ.

ನನಗೆ ನಿಜವಾಗಿ ಸಿಟ್ಟು ನೆತ್ತಿಗೇರಿದ್ದು ಲೆಕ್ಕದ ಚೀಟಿ ನೋಡಿದಾಗ. ಕ್ಯಾಬಿನ್ ಬಾಡಿಗೆ ಎರಡು ಪಟ್ಟು, ಸರಿ. ಕೆಳಗೆ ಬಂದರಿನ ಶುಲ್ಕ, ಅದೂ ಎರಡು. ಹಡಗಿನ ಸಿಬ್ಬಂದಿಗೆ ಕೊಡುವ ಟಿಪ್ಸು, ಅದೂ ಎರಡು. ಬಂದರಿನ ಶುಲ್ಕ ತಲೆ ಲೆಕ್ಕದ್ದು. ಟಿಪ್ಸು ಒಬ್ಬರಿಗೆ ಒಂದು ರಾತ್ರಿಗೆ ಇಷ್ಟು ಅಂತ. ಇಲ್ಲದ ಮನುಷ್ಯ ಪೆನಾಂಗ್‌ನಲ್ಲಿ ಇಳಿಯುತ್ತಾನಾ? ಇಲ್ಲದ ಮನುಷ್ಯನ ಹಾಸಿಗೆಯನ್ನು ಯಾರಾದರೂ ಕೊಡವಿ ಹಾಸುತ್ತಾರಾ? ಕೇಳಿದೆ. ಇದನ್ನು ಮಾತ್ರ ಜೋರಾಗಿಯೇ ಕೇಳಿದೆ. "ಸಿಸ್ಟಂನಲ್ಲಿ ಹಾಗೇ ಬರುತ್ತೆ ಅಮ್ಮ" ಅಂದರು. ಆ ಸಿಸ್ಟಂ ಯಾರದ್ದು? ಹಡಗಿನವರದ್ದಾ, ಇವರದ್ದಾ? ಆ ಎರಡನೇ ತಲೆಯ ದುಡ್ಡು ಯಾರ ಜೇಬಿಗೆ ಹೋಗುತ್ತದೆ? ಟ್ರಾವೆಲ್ಸ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಉತ್ತರ ಕೊಡಿ. ಸುಮ್ನೆ ಮುಂದೆ ಹೋಗಬೇಡಿ.

ನನಗಾಗಿ ಒಬ್ಬಳನ್ನು ಹುಡುಕುತ್ತಾರಂತೆ. ಯಾರೋ ಗುರುತಿಲ್ಲದ ಹೆಂಗಸಿನ ಗೊರಕೆ ಕೇಳಿಕೊಂಡು ನಾನು ಯಾಕೆ ಮಲಗಬೇಕು? ಅವಳಾದರೂ ಯಾಕೆ ಬರಬೇಕು?

ತಮ್ಮ ಕೆಟ್ಟವನಲ್ಲ. "ನಿನಗೇನು ಕಮ್ಮಿಯಾಗಿದೆ ಅಕ್ಕ, ಇಲ್ಲಿಗೆ ಬಂದು ನಾಲ್ಕು ದಿನ ಇರು" ಅಂದ. ಅವನ ಹೆಂಡತಿ ಹಿಂದಿನಿಂದ "ನಾವೂ ಯಾವಾಗಲಾದರೂ ಬರ್ತೀವಿ ಅಕ್ಕ, ಎಲ್ಲ ಸೇರಿ ಹೋಗೋಣ" ಅಂದಳು. ಪ್ರೀತಿಯಿಂದಲೇ ಅಂದಳು. ಆದರೆ ಆ ಯಾವಾಗಲಾದರೂ ಬರುವುದಿಲ್ಲ. ಅವರ ಮಗನ ಸಿಇಟಿ, ಮಗಳ ಬಾಣಂತನ, ಜಮೀನಿನ ಕೇಸು. ಅದು ಮುಗಿಯುವ ಹೊತ್ತಿಗೆ ನನ್ನ ಮೊಣಕಾಲು ಪೆನಾಂಗ್ ಕಟ್ಟೆಯನ್ನೂ ಹತ್ತುವುದಿಲ್ಲ.

ಒಂದೊಂದು ಸಲ ಸಾಕು ಅನ್ನಿಸುತ್ತದೆ. ಹೋಗುವುದೇ ಬೇಡ. ಆ ದುಡ್ಡು ಬ್ಯಾಂಕಿನಲ್ಲೇ ಬಿದ್ದಿರಲಿ. ಕಾವೇರಿ ನೋಡಿದ್ದೇನೆ, ಸಾಕು. ಅಷ್ಟರಲ್ಲೇ ಆ ನಗು ಮತ್ತೆ ಕಿವಿಗೆ ಬೀಳುತ್ತದೆ. ನಾನು ಬಿಟ್ಟರೆ ಅವರು ಅಂದದ್ದೇ ನಿಜವಾಗುತ್ತದೆ, ಕ್ರೂಸು ಜೋಡಿಗಳಿಗೆ ಮಾತ್ರ ಅಂತ. ಮುಂದೆ ಇನ್ನೊಬ್ಬಳು ಆ ಕುರ್ಚಿಯಲ್ಲಿ ಕೂತಾಗ ಅವಳನ್ನೂ ಅದನ್ನೇ ಕೇಳುತ್ತಾರೆ. ಮೈಸೂರಿನಲ್ಲಿ ಒಬ್ಬರೇ ಇರುವ ಹೆಂಗಸರು ಕಡಿಮೆಯಾ? ನಮ್ಮ ಬೀದಿಯಲ್ಲೇ ಎಷ್ಟು ಜನ ಇದ್ದಾರೆ. ಮಕ್ಕಳು ಅಮೆರಿಕದಲ್ಲಿ, ಯಜಮಾನರು ಇಲ್ಲ, ಪಿಂಚಣಿ ಬರುತ್ತದೆ, ಕೈಕಾಲು ಗಟ್ಟಿಯಿದೆ. ಅವರು ಎಲ್ಲಿಗೂ ಹೋಗಬಾರದಾ?

ಅಡ್ವಾನ್ಸ್ ಕಟ್ಟಿಲ್ಲ. ಆ ಅಂಗಡಿಗೆ ಕಟ್ಟುವುದೂ ಇಲ್ಲ. ತಮ್ಮನಿಗೂ ಹೇಳಿದ್ದೇನೆ, ಇನ್ನೊಮ್ಮೆ ಅವರು ಫೋನ್ ಮಾಡಿದರೆ ನಮ್ಮಕ್ಕನನ್ನೇ ಕೇಳಿ ಅನ್ನು ಅಂತ. ಅವನು ಸುಮ್ಮನಿದ್ದ. ಆಮೇಲೆ ಹೂಂ ಅಂದ.

ನಮ್ಮ ಕಡೆಯ ಹೆಂಗಸರು ಯಾರಾದರೂ ಒಬ್ಬರೇ ಇಂಥ ಹಡಗಿನಲ್ಲಿ ಹೋಗಿ ಬಂದಿದ್ದರೆ ನಿಮ್ಮ ಬಿಲ್ ತೆಗೆದು ನೋಡಿ ಹೇಳಿ. ಕ್ಯಾಬಿನ್‌ಗೆ ಪೂರ್ತಿ ಎರಡು ಪಟ್ಟು ತೆಗೆದುಕೊಂಡರಾ, ಸ್ವಲ್ಪ ಕಡಿಮೆ ಮಾಡಿದರಾ? ಬಂದರಿನ ಶುಲ್ಕ, ಟಿಪ್ಸು ಒಬ್ಬರದ್ದೇ ಹಾಕಿದರಾ? ಬುಕ್ ಮಾಡಿದ್ದು ಏಜೆಂಟ್ ಮೂಲಕವಾ, ಹಡಗಿನ ಕಂಪನಿಗೇ ನೇರವಾಗಿ ದುಡ್ಡು ಕಟ್ಟಿದಿರಾ? ಫಾರಂನಲ್ಲಿ ಎರಡನೇ ಹೆಸರಿನ ಜಾಗದಲ್ಲಿ ಏನು ಬರೆದಿರಿ?