ತಣ್ಣಗಿದ್ದ ಎಂಜಿನ್

ಭಾವನಿಗೊಂದು ಹಳೆಯ ಎಟಿವಿ, ಅಂದರೆ ರಸ್ತೆಯಿಲ್ಲದ ನೆಲದಲ್ಲೂ ಓಡುವ ನಾಲ್ಕು ಚಕ್ರದ ಪುಟ್ಟ ಗಾಡಿ, ಬೇಕಿತ್ತು. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಅವರ ಮನೆಯ ಸುತ್ತ ನಾಲ್ಕು ಎಕರೆ ಜಾಗ. ಚಳಿಗಾಲದಲ್ಲಿ ಹಿಮ ತಳ್ಳಬೇಕು, ಬೇಸಿಗೆಯಲ್ಲಿ ಸೌದೆ ಎಳೆಯಬೇಕು. ಅರವತ್ತು ದಾಟಿದವರು ಹಿಮದ ನಡುವೆ ಕೆಟ್ಟ ಗಾಡಿಯ ಜೊತೆ ಒಬ್ಬರೇ ನಿಲ್ಲುವಂತಾಗಬಾರದು ಎಂಬುದೇ ಅಕ್ಕನ ಆತಂಕ. ಆರಿಸುವ ಹೊಣೆ ನನ್ನ ಮೇಲೆ ಬಿತ್ತು.

ಮಾರುವವರಿಗೆ ಫೋನ್ ಮಾಡಿದಾಗ, "ಬೆಳಿಗ್ಗೆಯೇ ಬನ್ನಿ, ಅಲ್ಲಿಯವರೆಗೆ ನಾನು ಎಂಜಿನ್ ಚಾಲೂ ಮಾಡುವುದಿಲ್ಲ" ಎಂದರು ಆ ಹಿರಿಯರು. ಹೋದ ಕೂಡಲೇ ಎಂಜಿನ್ ಮೇಲೆ ನನ್ನ ಕೈ ಇಡಿಸಿದರು. ತಣ್ಣಗೆ ಕೊರೆಯುತ್ತಿತ್ತು. ಹೊತ್ತಿಕೊಳ್ಳಲು ತಿಣುಕುವುದು, ನೀಲಿ ಹೊಗೆ, ವಾಲ್ವಿನ ಟಕಟಕ ಸದ್ದು, ಹಳೆಯ ಎಂಜಿನ್ನಿನ ಇಂಥ ಗುಟ್ಟುಗಳು ಹೊರಬೀಳುವುದು ದಿನದ ಮೊದಲ ಸ್ಟಾರ್ಟಿನಲ್ಲೇ. ಆಮೇಲೆ ಸೀಟು ಎತ್ತಿ, ಏರ್ ಫಿಲ್ಟರ್ ಪೆಟ್ಟಿಗೆಯ ಮುಚ್ಚಳವನ್ನೂ ಅವರೇ ಬಿಚ್ಚಿದರು. ಫಿಲ್ಟರ್ ದಾಟಿ ಎಂಜಿನ್ ಕಡೆಗೆ ಹೋಗುವ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳಾಡಿಸಿದೆ. ಅಲ್ಲಿ ದೂಳು ಸಿಕ್ಕಿದ್ದರೆ, ಅದು ಎಂಜಿನ್ನಿನೊಳಗೆ ಹೋಗಿ ಪಿಸ್ಟನ್ ರಿಂಗುಗಳನ್ನು ಸವೆಸಿರುತ್ತದೆಂದು ಅವುಗಳ ಮೇಲಿನ ಆಸೆಯನ್ನೇ ಬಿಡಬೇಕಿತ್ತು. ಬಟ್ಟೆ ಬಿಳಿಯಾಗಿಯೇ ಹೊರಬಂತು. "ಮುಂದಿನ ಎಡಚಕ್ರದ ಬಾಲ್ ಜಾಯಿಂಟ್ ಸಡಿಲವಾಗಿದೆ, ಬದಲಾಯಿಸಿಕೊಳ್ಳಿ" ಎಂದು, ಚಕ್ರವನ್ನು ಗಾಡಿಗೆ ಹಿಡಿದಿಡುವ ಆ ಕೀಲಿನ ದೋಷವನ್ನೂ ಅವರೇ ಹೇಳಿದರು. ಜಾಕ್ ಕೊಟ್ಟು ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದೆ. ಹೌದು, ಆಡುತ್ತಿತ್ತು.

ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಅಪ್ಪ ಕೊಂಡ ಸೆಕೆಂಡ್ ಹ್ಯಾಂಡ್ ಸ್ಕೂಟರ್ ನೆನಪಾಯಿತು. ನಾವು ಹೋಗುವಷ್ಟರಲ್ಲಿ ಅದನ್ನು ತೊಳೆದು, ಉಜ್ಜಿ, ಟೈರಿಗೆ ಕಪ್ಪು ಬಳಿದು ನಿಲ್ಲಿಸಿದ್ದರು. ಒಂದೇ ಕಿಕ್ಕಿಗೆ ಹೊತ್ತಿಕೊಂಡಿತು. ಸೈಲೆನ್ಸರ್ ಆಗಲೇ ಬಿಸಿಯಾಗಿದ್ದುದು ನನ್ನ ಕಾಲಿಗೆ ತಾಗಿ ತಿಳಿಯಿತು. ದೊಡ್ಡವರ ಮಾತಿನ ನಡುವೆ ಹೇಳಲು ಬಾಯಿ ಬರಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಬೆವರಿಳಿಯುವವರೆಗೆ ಒದ್ದರು. ಕೇಳಲು ಹೋದರೆ, "ನೋಡಿಕೊಂಡೇ ತೆಗೆದುಕೊಂಡಿರಲ್ಲ ಸ್ವಾಮಿ" ಎಂಬ ಉತ್ತರ. ಮಾರುವವನು ಮುಚ್ಚಿಡುವುದು, ಕೊಳ್ಳುವವನು ಕೆದಕುವುದು, ಇದನ್ನೇ ನಾವು ವ್ಯವಹಾರದ ಜಾಣತನ ಎಂದುಕೊಂಡು ಬಂದಿದ್ದೇವೆ. ನನಗಂತೂ ಅದು ಇನ್ನು ಸಹಿಸದು.

ಇಲ್ಲಿಯವರೆಲ್ಲ ಆ ಹಿರಿಯರಂತಲ್ಲ, ಒಪ್ಪುತ್ತೇನೆ. ಅದರ ಹಿಂದಿನ ವಾರ ನೋಡಿದ ಗಾಡಿಯ ಆಯಿಲ್ ಹಾಲು ಬೆರೆತಂತೆ ಬೆಳ್ಳಗಿತ್ತು. ನೀರು ಸೇರಿದ ಗುರುತು ಅದು. ಮಾರುವಾತ ಡಿಪ್‌ಸ್ಟಿಕ್ ಒರೆಸಿ ಮಾತು ಬದಲಿಸಿದ. ಕಾಗದಪತ್ರದಲ್ಲಂತೂ ನಮ್ಮ ಕಡೆಯೇ ಮೇಲು. ಸಾಲದ ಗಾಡಿಯಾದರೆ ಆರ್‌ಸಿಯಲ್ಲೇ ಹೈಪಾಥಿಕೇಶನ್, ಅಂದರೆ ಗಾಡಿ ಸಾಲಕ್ಕೆ ಅಡವಾಗಿದೆ ಎಂಬುದು, ನಮೂದಾಗಿರುತ್ತದೆ. ಸಾಲ ತೀರಿ, ಅಡವು ಮುಗಿಯಿತೆಂದು ತಿಳಿಸುವ ಫಾರಂ 35 ಕೊಡುವವರೆಗೆ ಅದು ಹೋಗುವುದಿಲ್ಲ. ಮಿನೆಸೋಟದಲ್ಲಿ ಎಟಿವಿಗೆ ನೋಂದಣಿ ಇದೆ, ಕಾರಿಗಿರುವಂಥ ಟೈಟಲ್, ಅಂದರೆ ಒಡೆತನದ ಪತ್ರ, ಇಲ್ಲ. ಫ್ರೇಮಿನ ಮೇಲೆ ಒತ್ತಿದ ಸಂಖ್ಯೆಯನ್ನು ನೋಂದಣಿ ಚೀಟಿಯ ಜೊತೆ ಒಂದೊಂದಾಗಿ ತಾಳೆ ನೋಡಿದೆ. ಸಾಲವಿಲ್ಲ ಎಂಬುದಕ್ಕೆ ಆ ಹಿರಿಯರ ಸಹಿ ಹಾಕಿದ ಮಾತೇ ಆಧಾರ.

ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಪ್ಪನ ಸ್ಕೂಟರನ್ನು ಕೊನೆಗೆ ದಾರಿಗೆ ತಂದ ಮೆಕ್ಯಾನಿಕ್, ಆಮೇಲೆ ನಮ್ಮ ಬಳಗದಲ್ಲಿ ಯಾರು ಗಾಡಿ ಕೊಳ್ಳುವುದಾದರೂ ಅಂಗಡಿಯ ಷಟರ್ ಎಳೆದು ಜೊತೆಗೆ ಬರುತ್ತಿದ್ದರು. ಬಸ್ ಚಾರ್ಜು ಕೊಟ್ಟರೂ ತೆಗೆದುಕೊಳ್ಳುತ್ತಿರಲಿಲ್ಲ. ಇಲ್ಲಿ ಹಾಗೆ ಕರೆಯಲು ನನಗೆ ಯಾರೂ ಇರಲಿಲ್ಲ. ಟಾರ್ಚ್ ಹಿಡಿದು ಗಾಡಿಯ ಕೆಳಗೆ ಅಂಗಾತ ಮಲಗಿ, ಆಕ್ಸಲಿನ ಕೀಲುಗಳನ್ನು ಮುಚ್ಚುವ ರಬ್ಬರ್ ಬೂಟುಗಳ ಮಡಿಕೆಗಳನ್ನು ಬಿಡಿಸಿ ಬಿರುಕು ಹುಡುಕುವಾಗ ಅವರನ್ನೇ ನೆನೆದೆ. ಪಕ್ಕದಲ್ಲಿ ಬಗ್ಗಿ ನಿಂತ ಭಾವ, "ಏನಾದರೂ ಕಾಣಿಸಿತೇ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.