ಇಂಗು ತಿಂದ ಮಂಗ

ಡಾಕ್ಟರು ರಿಪೋರ್ಟು ನೋಡಿ "ನಿಮಗೆ ಸೀಲಿಯಾಕ್ ಇದೆ, ಗೋಧಿ, ಬಾರ್ಲಿಯಲ್ಲಿರೋ ಗ್ಲುಟನ್ ಅನ್ನೋ ಪ್ರೋಟೀನು ನಿಮ್ಮ ಕರುಳಿಗೆ ಆಗಲ್ಲ, ಇನ್ನು ಅವನ್ನು ಮುಟ್ಟಲೇಬೇಡಿ" ಅಂದಾಗ ನಾನೇನೂ ಹೆದರಲಿಲ್ಲ. ಮುದ್ದೆ, ಅನ್ನ, ಅಕ್ಕಿರೊಟ್ಟಿ ತಿಂದು ಬೆಳೆದವಳು. ಹೋದರೆ ಚಪಾತಿ ಒಂದು ಹೋಗುತ್ತೆ, ಅಷ್ಟೇ ಅಲ್ವಾ? ನಿಜವಾಗಿಯೂ ಊಟಕ್ಕೆ ಏನೂ ಕಷ್ಟ ಆಗಲಿಲ್ಲ. ಕಷ್ಟ ಶುರುವಾಗಿದ್ದು ಸಂಜೆ ಐದಕ್ಕೆ, ಕಾಫಿ ಲೋಟದ ಪಕ್ಕದ ತಟ್ಟೆ ಖಾಲಿ ಇದ್ದಾಗ.

ಸೂಪರ್‌ಮಾರ್ಕೆಟ್ಟಿಗೆ ಹೋದೆ. ಅಲ್ಲಿ 'ಗ್ಲುಟನ್ ಫ್ರೀ' ಅನ್ನೋ ಮಾತಿಗೇನೂ ಬರ ಇಲ್ಲ. ಅವಲಕ್ಕಿ ಮೇಲೆ ಇದೆ, ಬೆಲ್ಲದ ಡಬ್ಬಿ ಮೇಲೆ ಇದೆ, ತೆಂಗಿನೆಣ್ಣೆ ಬಾಟಲಿ ಮೇಲೂ ಇದೆ. ತೆಂಗಿನಮರದಲ್ಲಿ ಗೋಧಿ ಯಾವಾಗ ಬಿಡುತ್ತಿತ್ತೋ ಗೊತ್ತಿಲ್ಲ. ಇನ್ನೊಂದು ವರ್ಷಕ್ಕೆ ಊಟದ ಬಾಳೆಎಲೆಗೂ ಅಂಟಿಸ್ತಾರೆ ನೋಡ್ತಿರಿ.

ಬೇಡದ ಕಡೆ ಇಷ್ಟು ಧಾರಾಳ. ಬೇಕಾದ ಕಡೆ? ಒಂದು ರಾಗಿ ಬಿಸ್ಕತ್ತಿನ ಪ್ಯಾಕೆಟ್ಟು ಎತ್ತಿಕೊಂಡೆ. ಮುಂದೆ ರಾಗಿ ತೆನೆ, ಹಸಿರು ಹೊಲ, ತಲೆಗೆ ಟವೆಲ್ಲು ಸುತ್ತಿದ ರೈತ. ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ 2023ಕ್ಕೇ ಮುಗಿದರೂ ಪಾಪ ಅವನಿಗೆ ಪ್ಯಾಕೆಟ್ಟಿನಿಂದ ಇಳಿಯೋಕೆ ಬಿಟ್ಟಿಲ್ಲ. ಹಿಂದೆ ತಿರುಗಿಸಿದರೆ ಇರುವೆ ಸಾಲಿನಂಥ ಅಕ್ಷರ, ಮೊಬೈಲಿನಲ್ಲಿ ಫೋಟೊ ತೆಗೆದು ಎರಡು ಬೆರಳಲ್ಲಿ ಹಿಗ್ಗಿಸಿ ಓದಿದೆ: ಮೊದಲು ಮೈದಾ, ಅಂದರೆ ಗೋಧಿಯೇ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ, ಅದಾದ ಮೇಲೆ ರಾಗಿ ಹಿಟ್ಟು. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೀಬೇಕು ಅನ್ನೋದು ನಿಯಮ. ಹಾಗಾಗಿ ರೈತ ಮುಂದೆ ನಿಂತಿದ್ದಾನೆ, ಅವನ ರಾಗಿ ಕ್ಯೂನಲ್ಲಿ ಹಿಂದೆ ನಿಂತಿದೆ.

ಆ ಇರುವೆ ಸಾಲೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಆಹಾರ ಸುರಕ್ಷತೆಯವರ ಲೇಬಲ್ ನಿಯಮಕ್ಕೆ ಸಾಕು. ನಮ್ಮತ್ತೆ ಪಾಪ, 'ಸೆಮೊಲಿನಾ' ಅಂತ ಕೂಡಿಸಿ ಓದಿ, ಗೋಧಿ ಅಂತ ಎಲ್ಲೂ ಕಾಣಲಿಲ್ಲ ಅಂತ ಖುಷಿಯಿಂದ ಒಂದು ಪ್ಯಾಕೆಟ್ ತಂದರು. ಅದು ರವೆ ಅತ್ತೆ, ನೀವು ದಿನಾ ಉಪ್ಪಿಟ್ಟಿಗೆ ಹುರಿಯೋ ರವೆ, ಗೋಧಿಯದ್ದೇ ಅಂದೆ. "ಹಾಗಿದ್ರೆ ರವೆ ಅಂತಾನೇ ಬರೀಬಾರದಾ?" ಅಂದರು. ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಒಂದು ಚಕ್ಕುಲಿ ಸಿಕ್ಕಿತು. ಅಕ್ಕಿ, ಉದ್ದು, ಎಳ್ಳು, ಜೀರಿಗೆ, ಉಪ್ಪು, ಇಂಗು. ಗೆದ್ದೆ ಅಂತ ಮನೆಗೆ ತಂದು ಕತ್ತರಿ ಹುಡುಕುವಾಗ ಒಗ್ಗರಣೆ ಸಾಮಾನಿನ ಪಕ್ಕ ಇಂಗಿನ ಡಬ್ಬಿ ಕಣ್ಣಿಗೆ ಬಿತ್ತು. ಹೆಬ್ಬೆರಳಿನ ಗಾತ್ರದ ಡಬ್ಬಿ, ಅದರ ಮೇಲೆ ಉಗುರಿನಷ್ಟು ಚೀಟಿ. ಅಭ್ಯಾಸ ಬಿದ್ದಿತ್ತಲ್ಲ, ಅದನ್ನೂ ಹಿಗ್ಗಿಸಿದೆ. ಗೋಂದು, ಗೋಧಿ ಹಿಟ್ಟು, ಇಂಗು. ಇಂಗಿನ ಡಬ್ಬಿಯಲ್ಲಿ ಇಂಗಿಗೇ ಮೂರನೇ ಸ್ಥಾನ! ಬರೀ ಇಂಗಿನ ಘಾಟು ತಡೆಯೋಕಾಗಲ್ಲ ಅಂತ ಹಿಟ್ಟು ಬೆರೆಸೋದು ಹಳೇ ಪದ್ಧತಿಯೇ, ಮೋಸ ಅಲ್ಲ. ಕೆಲವರು ಅಕ್ಕಿ ಹಿಟ್ಟನ್ನೂ ಬೆರೆಸ್ತಾರೆ. ಚಕ್ಕುಲಿಗೆ ಬಿದ್ದ ಇಂಗು ಯಾವ ಹಿಟ್ಟಿನದು ಅಂತ ಚಕ್ಕುಲಿಯನ್ನೇ ಕೇಳಬೇಕು. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅಂತಾರೆ. ತೆಂಗು ಗ್ಲುಟನ್ ಫ್ರೀ ಅಂತ ಬಾಟಲಿಯವರೇ ಬರೆದುಕೊಟ್ಟಿದ್ದಾರೆ, ಇಂಗಿನ ಹತ್ತಿರ ಬಂದು ಈ ಮಂಗ ಸುಮ್ನೆ ಕೂತಿತು.

ಪ್ಯಾಕೆಟ್ಟಿನ ಸಹವಾಸವೇ ಬೇಡ ಅಂತ ನಮ್ಮ ಬೀದಿಯ ಕಾಂಡಿಮೆಂಟ್ಸ್ ಅಂಗಡಿಗೆ ಹೋದೆ.

"ಅಣ್ಣಾ, ಈ ಕೋಡುಬಳೆಗೆ ಗ್ಲುಟನ್ ಇದೆಯಾ?"

"ಅದೆಲ್ಲ ಹಾಕಲ್ಲ ಮೇಡಂ, ಪ್ಯೂರ್ ವೆಜ್."

"ಮೈದಾ, ಚಿರೋಟಿ ರವೆ?"

"ಅದಿಲ್ದೆ ಕೋಡುಬಳೆ ಹೆಂಗೆ ಆಗುತ್ತೆ ಮೇಡಂ!"

ಹಾಗಾದರೆ ಬಾಳೆಕಾಯಿ ಚಿಪ್ಸ್ ಕೊಡಿ ಅಂದೆ. ಒಳಗೆ ಹುಡುಗ ಸಮೋಸ ಕರಿದು ಎತ್ತಿದ ಬಾಣಲೆಗೇ ಬಾಳೆಕಾಯಿ ತುರಿದು ಬಿಡ್ತಿದ್ದ. ಗ್ಲುಟನ್ ಫ್ರೀ ಅನ್ನಿಸಿಕೊಳ್ಳಬೇಕಾದರೆ ಒಂದು ಕೆಜಿ ತಿಂಡಿಯಲ್ಲಿ ಗ್ಲುಟನ್ 20 ಮಿಲಿಗ್ರಾಂ ಮೀರಬಾರದು ಅನ್ನುತ್ತೆ ನಮ್ಮ ಕಾನೂನು. ಆ ಎಣ್ಣೆಯಲ್ಲಿ ತೇಲ್ತಿದ್ದ ಸಮೋಸದ ಚೂರು ಕಣ್ಣಿಗೇ ಕಾಣ್ತಿತ್ತು. ಯಾಕೆ ಬೇಡ ಅಂತ ಅಣ್ಣನಿಗೆ ಗೋಧಿಯಿಂದ ಹಿಡಿದು ಇಂಗಿನವರೆಗೆ ಹತ್ತು ನಿಮಿಷ ವಿವರಿಸಿದೆ. ಬಹಳ ಗಮನವಿಟ್ಟು ಕೇಳಿಸಿಕೊಂಡರು.

ವಾರ ಬಿಟ್ಟು ಅದೇ ದಾರಿಯಲ್ಲಿ ಹೋಗುವಾಗ ನೋಡಿದರೆ ಅದೇ ಡಬ್ಬ, ಅದೇ ಕೋಡುಬಳೆ. ಮೇಲೆ ಹೊಸ ಚೀಟಿ: 'ಗ್ಲುಟನ್ ಫ್ರೀ'. ಕಾಲು ಕೆಜಿಗೆ ಮೂವತ್ತು ರೂಪಾಯಿ ಜಾಸ್ತಿ. "ನಿಮ್ಮಿಂದಲೇ ಮೇಡಂ, ಒಳ್ಳೆ ಹೋಗ್ತಿದೆ" ಅಂತ ಅಣ್ಣ ಕೈ ಮುಗಿದರು.