‘ವೇನ್ಯ’ ಅಂದರೆ ‘ಬನ್ನಿ’ ಅಲ್ಲ

ಎರಡು ವರ್ಷದಿಂದ ಆನ್‌ಲೈನ್‌ನಲ್ಲಿ ಬ್ರೆಜಿಲ್‌ನ ಪೋರ್ಚುಗೀಸ್ ಕಲೀತಿದೀನಿ. ಮೊದಲು ಪಾಠ ಹೇಳಿದವರು ಸಾವೊ ಪಾಲೊದವರು, ಈಗಿನ ಟೀಚರ್ ಈಶಾನ್ಯ ಬ್ರೆಜಿಲ್‌ನ ಸಾಲ್ವಡೋರ್‌ನವರು. ಮೊನ್ನೆ ಪಾಠದ ಮಧ್ಯೆ ಅವರ ಪುಟ್ಟ ಮಗ ಬಾಗಿಲ ಸಂದಿಯಿಂದ ಇಣುಕಿದ. ಇವರು ಕೈ ಚಾಚಿ, “ವೇನ್ಯ ಕಾ, ಮೆನೀನು” ಅಂದರು. ಬಾರೋ ಇಲ್ಲಿ, ಅಂತ.

ನನಗೆ ಗೊಂದಲ. ನನ್ನ ಪುಸ್ತಕದಲ್ಲಿ ‘ವೇನ್ಯ’ ಗೌರವದ ರೂಪ, ನಮ್ಮ ‘ಬನ್ನಿ’ ಥರ. ಮಗುವಿಗೆ ‘ವೇಂ’, ಅಂದರೆ ‘ಬಾ’, ಅನ್ನಬೇಕು. ಕೇಳಿದೆ. “ನಮ್ಮನೇಲಿ ಎಲ್ಲರಿಗೂ ವೇನ್ಯಾನೇ, ನಾಯಿಗೂ” ಅಂದರು.

ಪೋರ್ಚುಗಲ್‌ನಲ್ಲಿ ಲೆಕ್ಕ ಸರಳ: ‘ತು’ (ನೀನು) ಅನ್ನೋ ಆಪ್ತರಿಗೆ ‘ಫಾಲ’, ‘ವೊಸೆ’ (ಸ್ವಲ್ಪ ದೂರದ ‘ನೀವು’) ಅನ್ನುವವರಿಗೆ ‘ಫಾಲಿ’, ಎರಡಕ್ಕೂ ಅರ್ಥ ಮಾತಾಡು. ಬ್ರೆಜಿಲ್‌ನ ಬಹುಭಾಗದಲ್ಲಿ ‘ತು’ ಹಿಂದೆ ಸರಿದು ‘ವೊಸೆ’ ಎಲ್ಲರಿಗೂ ಆಯ್ತು. ಕ್ರಿಯಾರೂಪಗಳು ಮಾತ್ರ ಎರಡೂ ಉಳಿದವು, ಊರು ಊರು ಹಂಚಿಕೊಂಡವು. ರಿಯೋ, ಸಾವೊ ಪಾಲೊ, ಬ್ರೆಸಿಲಿಯಾದಲ್ಲಿ ‘ಫಾಲ, ವೇಂ’. ಈಶಾನ್ಯದ ಸಾಲ್ವಡೋರ್, ರೆಸೀಫೆ ಕಡೆ ‘ಫಾಲಿ, ವೇನ್ಯ’ ಕಿವಿಗೆ ಬೀಳೋದು ಹೆಚ್ಚು. ಸರ್ವನಾಮದಿಂದ ಇದು ತೀರ್ಮಾನ ಆಗಲ್ಲ. ‘ತು’ ರೆಸೀಫೆಯಲ್ಲೂ ಇದೆ, ದಕ್ಷಿಣದ ಪೋರ್ಟೊ ಅಲೆಗ್ರೆಯಲ್ಲೂ ಇದೆ. ಭಾಷಾವಿಜ್ಞಾನಿ ಮಾರಿಯಾ ಮಾರ್ತಾ ಶೆರ್ರೆ ಈ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

‘ವೇನ್ಯ’ದ ಮೂಲಕ್ಕೆ ಹೋದರೆ ಅದು ನಮ್ಮ ‘ಬರಲಿ’. ‘ಕಿ ಎಲಿ ವೇನ್ಯ’ ಅಂದರೆ ‘ಅವನು ಬರಲಿ’. ನಮ್ಮ ಶಾಲಾ ವ್ಯಾಕರಣ ಬಾ, ಬರಲಿ ಎರಡನ್ನೂ ವಿಧ್ಯರ್ಥ ಅಂತ ಒಂದೇ ಗೂಡಲ್ಲಿ ಇಡುತ್ತಲ್ಲ, ಅದು ನೆನಪಾಗಿ ಖುಷಿಯಾಯ್ತು.

ಸಿಟ್ಟು ಬಂದಿದ್ದು ಪುಸ್ತಕದ ಮೇಲೆ. ಭೂಪಟದಲ್ಲಿರೋ ವ್ಯತ್ಯಾಸವನ್ನ ಮೆಟ್ಟಿಲು ಮಾಡಿ, ಒಂದನ್ನ ಮೇಲೆ, ಒಂದನ್ನ ಕೆಳಗೆ ಕೂರಿಸಿದೆ. ದೇಶವೆಲ್ಲ ನೋಡೋ ಧಾರಾವಾಹಿಗಳು ಹೆಚ್ಚಾಗಿ ತಯಾರಾಗೋದು ರಿಯೋದಲ್ಲಿ. ಕೂಲಿಗೆ ಸಾವೊ ಪಾಲೊಗೆ ಬಂದ ಈಶಾನ್ಯದವರ ಉಚ್ಚಾರವನ್ನ ಆಡಿಕೊಳ್ಳೋದು ಅಲ್ಲಿ ಹಳೇ ಚಾಳಿ. ಅಂಥಾ ಕಡೆ ಅಮ್ಮ ಮಗನನ್ನ ಕರೆಯೋ ಮಾತನ್ನೂ ‘ಬಿಗುವಿನ ಭಾಷೆ’ ಅನ್ನೋದು ತಪ್ಪು. ಇನ್ನೊಂದು ಕಡೆ, ‘ವೇಂ ಪ್ರಾ ಕಾಯ್ಶಾ ವೊಸೆ ತಾಂಬೇಂ’ (ಕಾಯ್ಶಾ ಬ್ಯಾಂಕಿಗೆ ನೀವೂ ಬನ್ನಿ) ಅನ್ನೋ ಜಾಹೀರಾತಲ್ಲಿ, ‘ತು’ ಜೊತೆ ಬರಬೇಕಾದ ‘ವೇಂ’ ‘ವೊಸೆ’ ಜೊತೆ ಬಂತು ಅಂತ ವ್ಯಾಕರಣದವರು ಗದರಿದ್ದೂ ನನಗೆ ಒಪ್ಪಿಗೆಯಿಲ್ಲ. ಕೋಟ್ಯಂತರ ಜನ ಮನೇಲಿ ಮಾತಾಡೋದೇ ಹಾಗೆ.

ಕಲಿಸುವವರು ಎರಡನ್ನೂ ಕಲಿಸಲಿ, ಪಕ್ಕದಲ್ಲಿ ಊರಿನ ಹೆಸರು ಹಾಕಲಿ. ನನ್ನ ನೋಟ್‌ಬುಕ್‌ನಲ್ಲಿ ‘ವೇನ್ಯ’ದ ಮುಂದೆ ‘ಗೌರವ’ ಅಂತಿದ್ದದ್ದನ್ನ ಹೊಡೆದು ‘ಸಾಲ್ವಡೋರ್, ಮಗನಿಗೆ’ ಅಂತ ಬರೆದಿದೀನಿ.